ಚಿಪ್ಪಿನ ಸರದವಳ ಮೇಲೆ ನಾನು ಕೊಟ್ಟ ದೂರು

ಸಮುದ್ರದ ದಂಡೆಗೆ ಹೋಗಿ ಬಂದು ಎರಡು ವರ್ಷವಾಯಿತು. ಆ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ತಪ್ಪು ಊರಿನದಲ್ಲ, ನನ್ನದು. ಓಣಿಯವರು ಯಾರಾದರೂ "ಪ್ರವಾಸ ಹೆಂಗಾಯ್ತ್ರಿ" ಎಂದು ಕೇಳಿದರೆ "ಛಲೋ ಆಯ್ತ್ರಿ, ದೇವರ ದಯಾ" ಎನ್ನುತ್ತೇನೆ, ಚಹಾ ಇಡುವ ನೆವ ಮಾಡಿ ಒಳಗೆ ಹೋಗುತ್ತೇನೆ. ದೇವರ ದಯೆ ಇತ್ತು ಎನ್ನುವುದು ಸುಳ್ಳಲ್ಲ. ಆದರೆ ಆ ದಯೆ ಯಾವ ರೀತಿಯಲ್ಲಿ ಬಂತು ಎಂಬುದನ್ನು ಇಲ್ಲಿಯತನಕ ಯಾರಿಗೂ ಪೂರ್ತಿ ಹೇಳಿಲ್ಲ.

ನಾವಿರುವುದು ಶಹಾಬಾದಿನಲ್ಲಿ. ನಮ್ಮ ಮನೆಯವರು ಭಂಕೂರ ಕಡೆಯ ಒಂದು ಪಾಲಿಶ್ ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಯಂತ್ರದ ಮುಂದೆ ನಿಲ್ಲುತ್ತಾರೆ. ಪ್ರವಾಸದ ಹಿಂದಿನ ಬೇಸಿಗೆಯಲ್ಲಿ ಕಲ್ಲಿನ ಚೂರೊಂದು ಹಾರಿ ಅವರ ಬಲಗಣ್ಣಿಗೆ ಹೊಕ್ಕಿತ್ತು. ಹದಿನೈದು ದಿನ ಕಣ್ಣಿಗೆ ಪಟ್ಟಿ. ಆ ಹದಿನೈದು ದಿನ ನಾನು ದೇವರ ಜಗಲಿಯ ಮುಂದಿನಿಂದ ಏಳಲಿಲ್ಲ. ನಾವು ಹೊಳೆಯ ದಂಡೆಯ ಮಂದಿ, ನಮಗೆ ಗಂಗವ್ವನೇ ದೊಡ್ಡ ದೇವರು. ಕಣ್ಣು ಉಳಿದರೆ ನಿನಗೆ ಬೆಳ್ಳಿಯ ಕಣ್ಣು ಒಪ್ಪಿಸಿ ಉಡಿ ತುಂಬುತ್ತೇನೆ ಎಂದು ಬೇಡಿಕೊಂಡೆ. ಕಣ್ಣು ಉಳಿಯಿತು.

ಹರಕೆ ತೀರಿಸಬೇಕಾದದ್ದು ನನ್ನ ತವರಿನಲ್ಲಿ, ಕಾಗಿಣಾ ಹೊಳೆಯಲ್ಲಿ. ಅಷ್ಟರಲ್ಲಿ ಕಲಬುರಗಿಯಲ್ಲಿ ನರ್ಸಿಂಗ್ ಓದುವ ಮಗಳು ಡಿಸೆಂಬರ್ ಸೂಟಿಗೆ ಬಂದಳು, ಅಪ್ಪ ಒಮ್ಮೆಯೂ ಸಮುದ್ರ ನೋಡಿಲ್ಲ ಎಂದು ಹಟ ಹಿಡಿದಳು, ಫೋನಿನಲ್ಲೇ ಒಂದು ರಿಸಾರ್ಟಿನಲ್ಲಿ ಮೂರು ದಿನಕ್ಕೆ ಖೋಲಿ ಹಿಡಿದಳು. ಸಮುದ್ರಕ್ಕಿಂತ ದೊಡ್ಡ ಗಂಗವ್ವ ಯಾರು, ಅಲ್ಲಿಯೇ ಒಪ್ಪಿಸೋಣ ಎಂದು ನಾನು ಅಂದುಕೊಂಡೆ.

"ಮಮ್ಮಿ, ನಮ್ಮ ಹೊಳಿ ನೀರು ಆ ಸಮುದ್ರಕ್ಕ ಹೋಗಂಗಿಲ್ಲ. ಅದು ಭೀಮಾ ಸೇರಿ, ಕೃಷ್ಣಾ ಸೇರಿ, ಮೂಡಣ ದಿಕ್ಕಿಗಿ ಹೋಗ್ತದ. ನಾವು ಹೊಂಟಿದ್ದು ಪಡುವಣಕ್ಕ" ಎಂದಳು ಮಗಳು.

"ಗಂಗವ್ವಗ ಮೂಡಣ ಪಡುವಣ ಅಂತ ಅದ ಏನು? ನೀ ಸುಮ್ಮ ಅರಬಿ ಮಡಚು" ಎಂದೆ.

ಹೊರಡುವ ಹಿಂದಿನ ದಿನ ಚಿತ್ತಾಪುರದಿಂದ ನೆಗೆಣ್ಣಿ, ನನ್ನ ಮೈದುನನ ಹೆಂಡತಿ, ಬಂದಳು. ಅವಳು ಅದರ ಹಿಂದಿನ ವರ್ಷ ಸಮುದ್ರದ ಕಡೆ ಹೋಗಿ ಮೋಸ ಹೋಗಿ ಬಂದವಳು. ಅದನ್ನೇ ಒಂದು ವಿದ್ಯೆಯ ಹಾಗೆ ನನಗೆ ಕಲಿಸಿದಳು.

"ನೋಡಕ್ಕ, ಸೀಜನ್ ಅಂದ್ರ ಅಲ್ಲಿ ಮಂದಿ ಮಂದಿನ್ನ ತಿಂತಾರ. ಬೋರ್ಡಿನ ಮ್ಯಾಲ ರೇಟ್ ಇಲ್ಲದ ಹೋಟೆಲಿನ್ಯಾಗ ಕುಂದ್ರಬ್ಯಾಡ. ನಾವಿಗಿ ಹತ್ತೋ ಮುಂದ ಒಂದು ಹೇಳಿ ಇಳಿಯೋ ಮುಂದ ಒಂದು ಹೇಳ್ತಾರ. ಯಾರರೆ ಸರ ತಂದು ಕೊಳ್ಳಾಗ ಹಾಕಾಕ ಬಂದ್ರ ಹಿಂದ ಸರಿ. ಒಮ್ಮಿ ಮೈಗಿ ತಾಕಿತು ಅಂದ್ರ ನಿಂದೇ ಅಂತಾರ. ಮತ್ತ ಇನ್ನೊಂದು ಅದ. ಇದು ಬಿದ್ದಿತ್ತು, ನಿಮ್ಮದೇನು ಅಂತ ಬಂಗಾರ ಬೆಳ್ಳಿ ತೋರಿಸಿಕೋತ ಬರ್ತಾರ. ಕೈಯಾಗ ಹಿಡದಿ ಅಂದ್ರ ಮುಗೀತು."

"ಹಿಡದರ ಏನಾಗ್ತದ?"

"ಅರ್ಧ ನನಗ ಕೊಡು ಅಂತಾರ. ಇಲ್ಲಾಂದ್ರ ಕಳ್ಳಿ ಅಂತ ಒದರತಾರ. ಸುದ್ದಿ ಬ್ಯಾಡ, ಮದಲ ನೀನೇ ಒದರು."

ಈ ಕೊನೆಯ ಮಾತು ನನ್ನ ತಲೆಯಲ್ಲಿ ಗಟ್ಟಿಯಾಗಿ ಕುಳಿತುಬಿಟ್ಟಿತು.

ಹೋಗಿ ನೋಡಿದರೆ ದಂಡೆಯಲ್ಲಿ ಕಾಲಿಡಲು ಜಾಗವಿಲ್ಲ. ವರ್ಷದ ಕೊನೆಯ ವಾರ, ಎಲ್ಲ ಕಡೆಯ ಜನ. ನೆಗೆಣ್ಣಿ ಕಲಿಸಿದ ವಿದ್ಯೆ ಮೊದಲ ದಿನವೇ ಉಪಯೋಗಕ್ಕೆ ಬಂತು. ದಂಡೆಗೆ ಇಳಿಯಲು ಪಾವತಿ ಇಲ್ಲದೆ ದುಡ್ಡು ಕೇಳಿದವನನ್ನು ನಾನೇ ಮುಂದೆ ಬಂದು ಓಡಿಸಿದೆ. ಒಂಟೆಯ ಮೇಲೆ ಕೂರಿಸಿ ಫೋಟೋ ತೆಗೆಯುತ್ತೇನೆ ಎಂದವನಿಗೆ ಒಂಟೆ ಬೇಡ, ನೀನೂ ಬೇಡ ಎಂದೆ. ಊಟದ ಸಾಲೆಯಲ್ಲಿ ನಮ್ಮ ಪಕ್ಕದ ಮೇಜಿಗೆ ಸೇಡಂನ ಒಂದು ಕುಟುಂಬ ಬಂದಿತ್ತು, ತೊಗರಿಬೇಳೆ ಗಿರಣಿಯವರು. ಆ ಸಾಹುಕಾರ್ತಿ ನನ್ನ ಮಾತಿನ ಧಾಟಿ ಕೇಳಿಯೇ ಗುರುತು ಹಿಡಿದು "ಅಕ್ಕಾ, ನೀವು ನಮ್ಮ ಕಡೀಯವರ" ಎಂದು ಮಾತಿಗೆ ಬಂದಳು. ನಾನು ಒಂಟೆಯವನ ಕಥೆ ಹೇಳಿ ಅವಳನ್ನು ನಗಿಸಿದೆ. ಆ ದಿನ ಮಲಗುವಾಗ ದೇವರೇ, ಒಂದು ಪೈಸೆಯೂ ಮೋಸ ಹೋಗಲಿಲ್ಲ, ನಿನ್ನ ದಯೆ ಎಂದೆ. ದೇವರ ದಯೆಯಲ್ಲಿ ನನ್ನ ಜಂಬ ಎಷ್ಟು ಬೆರೆತಿತ್ತು ಎಂಬುದು ಆಗ ತಿಳಿಯಲಿಲ್ಲ.

ಮರುದಿನ ಸೂರ್ಯ ಹುಟ್ಟುವಾಗ ತಲೆಗೆ ನೀರು ಹಾಕಿಕೊಂಡು ದಂಡೆಗೆ ಹೋದೆ. ಹಸಿರು ಖಣದಲ್ಲಿ ಅಕ್ಕಿ, ಉತ್ತತ್ತಿ, ಅಡಿಕೆ, ಅರಿಷಿಣದ ಬೇರು, ಕೊಬ್ಬರಿ ಬಟ್ಟಲು, ಅದರ ನಡುವೆ ಬೆಳ್ಳಿಯ ಎರಡು ಕಣ್ಣು ಇಟ್ಟು ಗಂಟು ಕಟ್ಟಿದ್ದೆ. ಮೊಣಕಾಲು ನೀರಿನಲ್ಲಿ ನಿಂತು, ಅರಿಷಿಣ ಕುಂಕುಮ ಏರಿಸಿ, ಗಂಟನ್ನು ನೀರಿಗೆ ಬಿಟ್ಟೆ. ನಮ್ಮಲ್ಲಿ ಗಂಗವ್ವನಿಗೆ ಉಡಿ ಬಿಟ್ಟ ಮೇಲೆ ತಿರುಗಿ ನೋಡಬಾರದು. ತಿರುಗಿ ನೋಡಿದರೆ ಕೊಟ್ಟದ್ದನ್ನು ಮನಸ್ಸು ವಾಪಸ್ಸು ಕೇಳಿದ ಹಾಗೆ. ಹೊಳೆಯಲ್ಲಿ ಅದು ಸರಿ. ಹೊಳೆ ತೆಗೆದುಕೊಂಡು ಹೋಗುತ್ತದೆ. ಚಿಂಚೋಳಿ ಕಡೆ ಚಂದ್ರಂಪಳ್ಳಿಯ ಕೆರೆಯಲ್ಲಿ ಬಿಟ್ಟರೂ ಅಲ್ಲಿಯೇ ಮುಳುಗುತ್ತದೆ. ನನಗೆ ಗೊತ್ತಿದ್ದ ನೀರು ಅವೆರಡೇ: ಹರಿಯುವ ನೀರು, ನಿಂತ ನೀರು. ಕೊಟ್ಟದ್ದನ್ನು ತಿರುಗಿ ತಂದುಕೊಡುವ ನೀರನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕಣ್ಣು ಮುಚ್ಚಿ ಕೈಮುಗಿದು, ಹಿಂದೆ ನೋಡದೆ ಖೋಲಿಗೆ ಬಂದುಬಿಟ್ಟೆ.

ಹತ್ತು ಗಂಟೆಯ ಸುಮಾರಿಗೆ ನಾವು ಮೂವರೂ ರಿಸಾರ್ಟಿನ ಮುಂದಿನ ಮರಳಿನಲ್ಲಿ ಕೊಡೆಯ ಕೆಳಗೆ ಕುಳಿತಿದ್ದೆವು. ಆ ಜಾಗಕ್ಕೆ ಎಲ್ಲ ಮಾರುವವರನ್ನು ಬಿಡುವುದಿಲ್ಲ. ಐದಾರು ಹೆಂಗಸರಿಗೆ ಮಾತ್ರ ರಿಸಾರ್ಟಿನವರು ಕೊರಳಿಗೆ ಹಾಕಿಕೊಳ್ಳುವ ಒಂದು ಕಾರ್ಡು ಕೊಟ್ಟಿದ್ದರು. ಕಾರ್ಡು ಇದ್ದವಳಿಗೆ ಆ ಹದಿನೈದು ದಿನದ ಸೀಜನ್, ಇಲ್ಲದವಳಿಗೆ ಗೇಟಿನ ಆಚೆಯ ರಸ್ತೆ. ಅಂಥ ಕಾರ್ಡು ಹಾಕಿಕೊಂಡ ಒಬ್ಬಳು, ಹೆಚ್ಚುಕಡಿಮೆ ನನ್ನದೇ ವಯಸ್ಸಿನವಳು, ತೋಳಿನ ತುಂಬ ಚಿಪ್ಪಿನ ಸರ ಇಳಿಬಿಟ್ಟುಕೊಂಡು ನನ್ನ ಹತ್ತಿರ ಬಂದಳು. ಸರ ತೋರಿಸಲಿಲ್ಲ. ಬುಟ್ಟಿಯಿಂದ ಒಂದು ಒದ್ದೆ ಗಂಟು ತೆಗೆದಳು.

"ಅಮಾ, ಇದು ನಿಮ್ದಲ್ವಾ? ಬೆಳಿಗ್ಗೆ ನೀವು ನೀರಿಗೆ ಬಿಡೂದು ಕಂಡಿದ್ದೆ. ಒಳಗೆ ಬೆಳ್ಳಿ ಉಂಟು. ಇಲ್ಲಿ ಸಮುದ್ರ..."

ಅವಳು ಮಾತು ಮುಗಿಸಲು ನಾನು ಬಿಡಲಿಲ್ಲ. ನನ್ನ ಹಸಿರು ಖಣ ಅವಳ ಕೈಯಲ್ಲಿ ಕಂಡಿತು. ಗಂಗವ್ವನ ಉಡಿಗೆ ಕೈಹಾಕಿ ತೆಗೆದಿದ್ದಾಳೆ, ಈಗ ನನಗೇ ಮಾರಲು ತಂದಿದ್ದಾಳೆ ಎಂದು ತಲೆ ಬಿಸಿಯಾಯಿತು. ನೆಗೆಣ್ಣಿ ಹೇಳಿದ ಹಾಗೆ ನಾನೇ ಮೊದಲು ಒದರಿದೆ.

"ದೇವರಿಗಿ ಕೊಟ್ಟಿದ್ದು ಕದೀತಿ ಏನವ್ವ? ನಿನ್ನಂಥೋರ ಆಟ ಎಲ್ಲಾ ನನಗ ಗೊತ್ತದ. ನೋಡ್ರಿ ಎಲ್ಲಾರು, ಉಡಿ ಕದ್ದಾಳ ಇಕಿ."

ಅವಳು "ನಾ ಕದ್ದದ್ದಲ್ಲ, ನೀವು ಒಂದ್ ಸಲ ಕೇಳಿ" ಎಂದಳು. ಅಷ್ಟರಲ್ಲಿ ಜನ ಸೇರಿದರು, ಕಾವಲಿನವನು ಬಂದ, ಅವನ ಹಿಂದೆ ಮ್ಯಾನೇಜರ್ ಬಂದರು. ಅವರು ರಿಜಿಸ್ಟರ್ ತರಿಸಿದರು. ನಾನು ನಿಂತಲ್ಲಿಯೇ ದೂರು ಬರೆದೆ, ಸಹಿ ಮಾಡಿದೆ. ಗಂಟು ನನ್ನ ಕೈಗೆ ಬಂತು. ಕಾವಲಿನವನು ಅವಳ ಕೊರಳಿನ ಕಾರ್ಡು ತೆಗೆಯಲು ಕೈ ಚಾಚಿದ. ಅವಳು ಅವನ ಕೈ ತಾಗದ ಹಾಗೆ ತಾನೇ ತಲೆಯ ಮೇಲಿನಿಂದ ತೆಗೆದು ಕೊಟ್ಟು ಗೇಟಿನ ಕಡೆ ನಡೆದಳು.

ಸೇಡಂನ ಸಾಹುಕಾರ್ತಿ ದೂರದಿಂದಲೇ "ಶಾಭಾಸ್ ಅಕ್ಕಾ, ನಮ್ಮ ಕಡಿ ಮಂದೀಗಿ ಮೋಸ ಮಾಡೋದು ಅಷ್ಟು ಹಗುರ ಇಲ್ಲ" ಎಂದಳು. ನಾಲ್ಕು ಜನ ನಕ್ಕರು. ನನಗೆ ಹಿಗ್ಗಾಯಿತು. ಮಗಳು ಮಾತ್ರ ಮರಳಿನಲ್ಲಿ ಬೆರಳು ಆಡಿಸುತ್ತ "ಅಕಿ ಏನೋ ಹೇಳಾಕತ್ತಿದ್ಳು, ಮಮ್ಮಿ" ಎಂದಳು. ಕಳ್ಳರು ಯಾವಾಗಲೂ ಏನಾದರೂ ಹೇಳುತ್ತಲೇ ಇರುತ್ತಾರೆ ಎಂದು ನಾನು ಬಾಯಿ ಮುಚ್ಚಿಸಿದೆ.

ಆ ಸಂಜೆ ರಿಸಾರ್ಟಿನ ಗೇಟಿನ ಹೊರಗೆ ಮೇಜು ಹಾಕಿಕೊಂಡಿದ್ದ ಒಬ್ಬ ಹುಷಾರು ಮನುಷ್ಯ ಡಾಲ್ಫಿನ್ ತೋರಿಸುವ ದೋಣಿಗೆ ನಮ್ಮಿಂದ ಮುಂಗಡ ತೆಗೆದುಕೊಂಡ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಟ್ಯಾಗು, ಮಾತಿಗೊಮ್ಮೆ "ಮೇಡಂ". ಪಾವತಿ ಪುಸ್ತಕವೂ ಇತ್ತು. ಅವನ ಮೇಲೆ ನನಗೆ ಕೂದಲೆಳೆಯಷ್ಟೂ ಸಂಶಯ ಬರಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ದೋಣಿ ಬರುತ್ತದೆ ಎಂದಿದ್ದ. ಅದು ನಮ್ಮ ಕೊನೆಯ ದಿನ, ನಾಲ್ಕು ಗಂಟೆಗೆ ಬಸ್ಸು. ಏಳಾಯಿತು, ಎಂಟಾಯಿತು. ಮೇಜೂ ಇಲ್ಲ, ಮನುಷ್ಯನೂ ಇಲ್ಲ, ಪಾವತಿಯ ಮೇಲಿದ್ದ ಫೋನಿನ ನಂಬರ್ ಹತ್ತುತ್ತಿಲ್ಲ.

"ಹೋತು ಬಿಡು. ಅಂವ ಡಾಲ್ಫಿನ್ ತೋರಿಸ್ಲಿಲ್ಲ, ನಮ್ಮನ್ನೇ ಡಾಲ್ಫಿನ್ ಮಾಡ್ಯಾನ" ಎಂದರು ಮನೆಯವರು.

ನಾನು ನಗಲಿಲ್ಲ. ನೀರಿನ ಅಂಚಿನಲ್ಲಿ ಸುಮ್ಮನೆ ನಿಂತಿದ್ದೆ. ಒಂದು ಗಂಟೆಯಿಂದ ಅಲ್ಲಿಯೇ ನಿಂತಿದ್ದರಿಂದ, ಮೂರು ದಿನದಲ್ಲಿ ನೋಡದೆ ಇದ್ದದ್ದು ಆಗ ಕಣ್ಣಿಗೆ ಬಿತ್ತು. ಯಾರೋ ಒಬ್ಬ ಮುದುಕ ಚೆಂಡುಹೂವಿನ ಮಾಲೆಯೊಂದನ್ನು ದೂರಕ್ಕೆ ಎಸೆದು ಕೈಮುಗಿದು ಹೋದ. ಮಾಲೆ ಒಳಗೆ ಹೋಯಿತು, ಕಾಣದಾಯಿತು. ಆಮೇಲೆ ಒಂದು ತೆರೆ ಬಂತು, ಮಾಲೆ ಅದರ ಮೇಲೆ ಕುಳಿತು ಬಂದು ನನ್ನ ಪಾದಕ್ಕೆ ಸುತ್ತಿಕೊಂಡಿತು. ನಾನು ಎತ್ತಿ ಮತ್ತೆ ಒಳಗೆ ಎಸೆದೆ. ಮತ್ತೆ ಬಂತು. ಮರಳಿನ ಗುಂಟ ನೋಡುತ್ತ ನಡೆದೆ. ಒದ್ದೆ ಮರಳಿನ ಗೆರೆಯ ಉದ್ದಕ್ಕೂ ಜನ ನೀರಿಗೆ ಕೊಟ್ಟದ್ದೆಲ್ಲ ಬಿದ್ದಿತ್ತು: ಹೂವು, ಬಾಳೆ ಎಲೆ, ಒಡೆದ ತೆಂಗಿನಕಾಯಿ, ದೀಪ ಹಚ್ಚಿದ ದೊನ್ನೆ. ಸಮುದ್ರ ಒಂದನ್ನೂ ಇಟ್ಟುಕೊಂಡಿರಲಿಲ್ಲ.

ನನ್ನ ಹಸಿರು ಗಂಟೂ ಹೀಗೆಯೇ ದಂಡೆಗೆ ಬಂದಿರಬೇಕು. ಅಲ್ಲಿಯೇ ಕುಳಿತೆ.

ಮನೆಯವರಿಗೆ ಹೇಳಿದೆ. ಅವರು ಕೈಹಿಡಿದು ನನ್ನನ್ನು ಮರಳಿನಿಂದ ಎಬ್ಬಿಸಿದರು. "ಗಲತಿ ಆಗ್ಯಾದ ಖರೆ. ಆದ್ರ ಈಗ ಏನ್ ಮಾಡ್ತಿ? ಸಂಜೀಕ ನಾವು ಹೋಗ್ತೀವಿ. ಇಲ್ಲಿ ನಮ್ಮನ್ನ ಯಾರು ಗುರುತ ಹಿಡೀತಾರ."

ಇಲ್ಲಿ ಒಂದು ನಿಜ ಬರೆಯಬೇಕು. ಆ ಮಾತು ಕೇಳಿ ನನಗೆ ಹಾಯೆನಿಸಿತು. ಖೋಲಿಗೆ ಹೋಗಿ ಅರಬಿ ಮಡಚಲು ಶುರು ಮಾಡಿದೆ. ಎರಡು ಸೀರೆ ಮಡಚಿ ಚೀಲಕ್ಕೆ ಹಾಕಿದೆ. ಮೂರನೆಯದರ ಕೆಳಗೆ ಆ ಹಸಿರು ಗಂಟು ಸಿಕ್ಕಿತು, ಇನ್ನೂ ಒದ್ದೆ. ಬಿಚ್ಚಿ ನೋಡಿದೆ. ಅಕ್ಕಿ ನೆನೆದು ಉಬ್ಬಿತ್ತು. ಉತ್ತತ್ತಿ ಐದಕ್ಕೆ ಐದೂ ಇದ್ದವು. ಬೆಳ್ಳಿಯ ಕಣ್ಣುಗಳನ್ನು ಅವಳು ಬೇರೆ ಒಂದು ಚಿಂದಿಯಲ್ಲಿ ಸುತ್ತಿ ಒಳಗೆ ಇಟ್ಟಿದ್ದಳು, ಗಂಟಿನಿಂದ ಜಾರಬಾರದು ಎಂದು. ಕದಿಯುವವಳು ಹಾಗೆ ಸುತ್ತಿ ಇಡುವುದಿಲ್ಲ. ನಾನು ಸೀರೆ ಬಿಟ್ಟು ಎದ್ದೆ.

ಕಾವಲಿನವನನ್ನು ಅವಳ ಮನೆ ಕೇಳಿದೆ. ಅವನು ನನ್ನ ಮುಖ ನೋಡದೆ "ಕಾಲುಸಂಕದ ಆಚೆ, ದೋಣಿ ಎಳ್ದು ಹಾಕೂ ಜಾಗದಲ್ಲಿ, ನೀಲಿ ಬಾಗ್ಲು" ಎಂದ. ಆಮೇಲೆ ನನಗೆ ಕೇಳಿಸುವಷ್ಟೇ ದನಿಯಲ್ಲಿ "ಹನ್ನೊಂದು ವರ್ಷದಿಂದ ಬರೂ ಹೆಂಗ್ಸು ಅದು" ಎಂದ.

ದಾರಿಯುದ್ದಕ್ಕೂ ನನಗೆ ನನ್ನ ಅವ್ವ ನೆನಪಾದಳು. ಅವಳು ಹೊಳೆಯ ಮೀನಿನ ಬುಟ್ಟಿ ಹೊತ್ತು ವಾಡಿಯ ರೈಲ್ವೆ ಮನೆಗಳ ಸಾಲಿಗೆ ಹೋಗುತ್ತಿದ್ದಳು, ಚಿಕ್ಕವಳಿದ್ದಾಗ ಒಮ್ಮೊಮ್ಮೆ ನಾನೂ ಹಿಂದೆ ಹೋಗುತ್ತಿದ್ದೆ. ಅವಳು ತೂಗಿದ್ದನ್ನು ಮನೆಯಾಕೆಯರು ಒಳಗೆ ಒಯ್ದು ಮತ್ತೆ ತೂಗುತ್ತಿದ್ದರು. ಅಷ್ಟು ಹೊತ್ತು ಅವ್ವ ಬಾಗಿಲಿಗೆ ಬೆನ್ನು ಮಾಡಿ ರೈಲು ನೋಡುತ್ತ ನಿಲ್ಲುತ್ತಿದ್ದಳು. ಅವಳಿಗೆ ರೈಲಿನ ಮೇಲೆ ಅಷ್ಟು ಪ್ರೀತಿ ಯಾಕೆ ಎಂದು ನಾನು ಅಂದುಕೊಳ್ಳುತ್ತಿದ್ದೆ. ಮದುವೆಯಾದ ಮೇಲೆ ಶಹಾಬಾದಿನ ನನ್ನ ಓಣಿಯಲ್ಲಿ ಅವ್ವ ಬುಟ್ಟಿ ಹೊತ್ತವಳು ಎಂದು ನಾನಾಗಿ ಎಂದೂ ಹೇಳಿಲ್ಲ.

ನೀಲಿ ಬಾಗಿಲು ತೆರೆದೇ ಇತ್ತು. ಅವಳು ಹೊಸ್ತಿಲ ಮೇಲೆ ಕುಳಿತು ಸರ ಪೋಣಿಸುತ್ತಿದ್ದಳು. ನನ್ನನ್ನು ಕಂಡು ಸೂಜಿ ನಿಲ್ಲಿಸಿದಳು.

"ಇನ್ನೇನು ಕಳ್ದದೆ?" ಎಂದಳು.

"ಏನೂ ಕಳದಿಲ್ಲವ್ವ. ನಾನೇ ತಪ್ಪು ಮಾಡೀನಿ. ಸಮುದ್ರ ತಿರುಗಿ ತರ್ತದ ಅನ್ನೋದು ನಮಗ ಗೊತ್ತಿರಲಿಲ್ಲ. ನಮ್ಮದು ಹೊಳಿ ಊರು."

ಅವಳು ಸೂಜಿ ಮತ್ತೆ ಎತ್ತಿಕೊಂಡಳು. ಒಂದು ಚಿಪ್ಪು ಪೋಣಿಸಿದಳು. "ಅದನ್ನೇ ಹೇಳೂಕೆ ಬಂದಿದ್ದೆ ನಾನು. ಬೆಳ್ಳಿ ಬಂಗಾರ ಸಮುದ್ರಕ್ಕೆ ಹಾಕೂದಿಲ್ಲ ನಾವು, ಅದು ಇಟ್ಕೊಳ್ಳೂದಿಲ್ಲ. ದೋಣಿ ಹತ್ರ ಅಮ್ಮನ ಕಲ್ಲು ಉಂಟು, ಅಲ್ಲಿಡ್ತೇವೆ. ಅಲ್ಲಿಟ್ರೆ ಸಮುದ್ರಕ್ಕೇ ಮುಟ್ಟಿದ ಹಾಗೆ."

ಬೆಳ್ಳಿಯ ಕಣ್ಣುಗಳನ್ನು ಆ ಕಲ್ಲಿನ ಮುಂದೆ ಇಟ್ಟು ಬಂದೆ. ಹರಕೆ ತೀರಿತು. ಅವತ್ತು ಅದಕ್ಕಾಗಿ ಸಂತೋಷಪಡಲು ನನಗೆ ಮುಖವಿರಲಿಲ್ಲ. ತಿರುಗಿ ಬಂದು "ನಡಿಯವ್ವ, ನಿನ್ನ ಕಾರ್ಡು ಕೊಡಸ್ತೀನಿ" ಎಂದೆ. ಅವಳು ಸರಗಳನ್ನು ತೋಳಿಗೆ ಹಾಕಿಕೊಳ್ಳಲಿಲ್ಲ, ಬುಟ್ಟಿಯಲ್ಲೇ ಇಟ್ಟುಕೊಂಡು ನನ್ನ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ಬಂದಳು.

ಮ್ಯಾನೇಜರ್ ಮೇಜಿನ ಮುಂದೆ ಇದ್ದರು, ಅದೂ ಒಂದು ದಯೆ. ನನ್ನ ಮಾತು ಕೇಳಿ ರಿಜಿಸ್ಟರ್ ತೆರೆದು ಕೊಟ್ಟರು. ನನ್ನ ನಿನ್ನೆಯ ಸಹಿಯ ಕೆಳಗೆ ನಾನು ಬರೆದೆ: "ತಪ್ಪು ತಿಳುವಳಿಕೆಯಿಂದ ಹೀಗಾಗಿದೆ."

ಅವಳು ಬಗ್ಗಿ ಓದಿದಳು. "ಯಾರ ತಪ್ಪು ಅಂತ ಇಲ್ಲ ಇದ್ರಲ್ಲಿ" ಎಂದಳು.

ಅದನ್ನು ಹೊಡೆದು ಹಾಕಿ ಮತ್ತೆ ಬರೆದೆ: "ಈಕೆ ಕದ್ದಿಲ್ಲ. ಸಿಕ್ಕಿದ್ದನ್ನು ತಂದುಕೊಡಲು ಬಂದಾಗ ನಾನು ಮಾತು ಕೇಳದೆ ಸುಳ್ಳು ದೂರು ಕೊಟ್ಟೆ."

ಮ್ಯಾನೇಜರ್ ಓದಿ ಪೆನ್ನಿನ ಮುಚ್ಚಳ ಹಾಕಿದರು. "ಮೇಡಂ, ನೀವು ಬರೆದು ಹೋಗುತ್ತೀರಿ. ಆದರೆ ಗೆಸ್ಟ್‌ಗಳೆಲ್ಲ ನಿನ್ನೆ ನೋಡಿದ್ದಾರೆ. ಇವತ್ತು ಇವಳನ್ನು ಒಳಗೆ ಬಿಟ್ಟರೆ ಕಳ್ಳಿಯನ್ನು ಬಿಟ್ಟುಕೊಂಡಿದ್ದಾರೆ ಎಂದು ನಾಳೆ ಫೋನಿನಲ್ಲಿ ಬರೆಯುತ್ತಾರೆ. ಸೀಜನ್ ಮುಗಿಯಲಿ, ನೋಡೋಣ."

ಸೀಜನ್ ಮುಗಿದ ಮೇಲೆ ಆ ಕಾರ್ಡಿನಿಂದ ಏನು ಬರುತ್ತದೆ ಎಂದು ನಾನು ಕೇಳಬೇಕೆಂದಿದ್ದೆ. ಅವಳೇ ಮಾತಾಡಿದಳು.

"ಹಾಗಾದ್ರೆ ಗೆಸ್ಟಿಗೇ ಹೇಳ್ಲಿ ಇವ್ರು. ನಿನ್ನೆ ಹೇಳಿದ್ದೂ ಅವ್ರಿಗೇ ಅಲ್ವಾ."

ಮ್ಯಾನೇಜರ್ ನನ್ನನ್ನು ನೋಡಿದರು. ಊಟದ ಹೊತ್ತು. ಸಾಲೆಯಲ್ಲಿ ಐವತ್ತು ಅರವತ್ತು ಜನ ಇದ್ದರು, ಸೇಡಂನ ಸಾಹುಕಾರ್ತಿಯೂ ಇದ್ದಳು, ನನ್ನ ಮನೆಯವರೂ ಮಗಳೂ ಒಂದು ಮೂಲೆಯಲ್ಲಿ ನನಗಾಗಿ ಕಾಯುತ್ತ ಕುಳಿತಿದ್ದರು. ಜನ್ಮದಲ್ಲಿ ನಾನು ನಾಲ್ಕು ಜನರ ಮುಂದೆ ನಿಂತು ಮಾತಾಡಿದವಳಲ್ಲ. ಭಜನೆಯಲ್ಲಿ ಕೂಡ ಹಿಂದಿನ ಸಾಲು. ನಿನ್ನೆ ಬಂದಿದ್ದ ದನಿ ಎಲ್ಲಿಂದ ಬಂದಿತ್ತೋ, ಇವತ್ತು ಹುಡುಕಿದರೂ ಸಿಗಲಿಲ್ಲ.

ಸಾಲೆಯ ನಡುವೆ ನಿಂತು "ಜರಾ ಕೇಳ್ರಿ" ಎಂದೆ. ಹತ್ತಿರದ ಮೇಜಿನ ಒಬ್ಬ ಮನುಷ್ಯ ತಟ್ಟೆಯಿಂದ ತಲೆ ಎತ್ತದೆ, ನನ್ನ ಕಡೆ ಕೈ ಬೀಸಿ "ಬೇಡ ಬೇಡ, ಏನೂ ಬೇಡ, ಮುಂದೆ ಹೋಗಿ" ಎಂದ. ಏನೋ ಮಾರಲು ಬಂದವಳು ಎಂದುಕೊಂಡಿದ್ದ. ಒಂಟೆಯವನಿಗೆ ನಾನು ಬೀಸಿದ್ದು ಅದೇ ಕೈ. ಅವಳು ನನ್ನ ಹಿಂದೆಯೇ ಬಾಗಿಲಲ್ಲಿ ನಿಂತಿದ್ದಳು, ಆ ಮಾತು ಅವಳಿಗೂ ಕೇಳಿಸಿತು. ನಾನು ತಿರುಗಿ ನೋಡಿದೆ. ಅವಳ ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಹಾಗೆ ಕೈ ಬೀಸಿಸಿಕೊಂಡು ಅಭ್ಯಾಸವಿದ್ದ ಮುಖ ಅದು.

ಮುಂದಕ್ಕೆ ಹೋಗಿ ಹೇಳಿದೆ. ನಿನ್ನೆ ಈ ಹೆಂಗಸನ್ನು ಕಳ್ಳಿ ಎಂದವಳು ನಾನು, ಈಕೆ ಕದ್ದಿಲ್ಲ, ನನ್ನ ಸಾಮಾನು ನನಗೆ ಕೊಡಲು ಬಂದಿದ್ದಳು, ಸುಳ್ಳು ಹೇಳಿದ್ದು ನಾನು. ದನಿ ಹತ್ತಿರದ ಮೇಜುಗಳಿಗಷ್ಟೇ ಮುಟ್ಟಿತು. ಕೆಲವರು ತಿನ್ನುವುದು ನಿಲ್ಲಿಸಿದರು. ಸಾಹುಕಾರ್ತಿ ಚಮಚ ಕೆಳಗಿಟ್ಟು "ಅಯ್ಯ ಅಕ್ಕಾ, ಇದೆಲ್ಲಾ ಮಂದ್ಯಾಗ ಹೇಳೋದು ಏನ್ ಜರೂರಿತ್ತು. ನಮ್ಮ ಕಡೀಯವರ ಮರ್ಯಾದಿ ಹೋಗ್ತದ" ಎಂದಳು.

ಬಾಗಿಲಿನಿಂದ ಅವಳ ದನಿ ಬಂತು. "ಆಚೆ ಬದಿಯವ್ರಿಗೆ ಕೇಳ್ಲಿಲ್ಲ."

ಕಿಟಕಿಯ ಕಡೆಯ ಮೇಜುಗಳ ಹತ್ತಿರ ಹೋಗಿ ಇನ್ನೊಮ್ಮೆ ಹೇಳಿದೆ. ಮಗಳು ಎದ್ದು ಬಂದು ನನ್ನ ಪಕ್ಕ ನಿಂತಳು. ಮನೆಯವರು ತಲೆ ತಗ್ಗಿಸಿ ಕುಳಿತೇ ಇದ್ದರು. ಹೊರಗೆ ಜಗಲಿಯಲ್ಲಿ ಊಟ ಮಾಡುತ್ತಿದ್ದವರೂ ಉಳಿದಿದ್ದರು. ಬಾಗಿಲಲ್ಲಿದ್ದವಳು ಹೇಳುವ ಮೊದಲೇ ನಾನು ಅಲ್ಲಿಗೂ ಹೋದೆ. ಮೂರನೆಯ ಸಲ ದನಿ ಗಟ್ಟಿಯಾಗಿ ಬಂತು.

ಮ್ಯಾನೇಜರ್ ಡ್ರಾಯರಿನಿಂದ ಕಾರ್ಡು ತೆಗೆದು ಕೊಟ್ಟರು. ಅವಳು ಅದನ್ನು ಸೆರಗಿನಿಂದ ಒರೆಸಿ ಕೊರಳಿಗೆ ಹಾಕಿಕೊಂಡಳು, ಬುಟ್ಟಿಯಿಂದ ಸರಗಳನ್ನು ಒಂದೊಂದಾಗಿ ತೆಗೆದು ತೋಳಿಗೆ ಏರಿಸಿಕೊಂಡಳು. ನಾನು ಕೈಮುಗಿದೆ. ತಪ್ಪಾಯಿತು, ಕ್ಷಮಿಸವ್ವ ಎಂದೆ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಹೇಳಬೇಕೆಂದು ನಾನು ಕಾಯುತ್ತ ನಿಂತದ್ದಂತೂ ನಿಜ.

"ಒಂದೂವರೆ ದಿನ ಹೋಯ್ತು ನಂದು. ಇನ್ನು ನಿಂತ್ರೆ ಮಧ್ಯಾಹ್ನದ್ದೂ ಹೋಗ್ತದೆ, ದಾರಿ ಬಿಡಿ" ಎಂದಳು.

ನಾನು ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತೆ.